ಕಾರ್ಡ್ ಗೇಮ್‌ನ ಡಿಸೈನ್ ಡೈರೆಕ್ಟರ್ ದಿನವಿಡೀ ಮಾಡೋದೇನು?

ಎಲೆಯಾಟ
ಒಂದು ವಾದ ಬಗೆಹರಿಸಿಕೊಡಿ. ಟ್ರೇಡಿಂಗ್ ಕಾರ್ಡ್ ಗೇಮ್ ಮಾಡುವ ಕಂಪನಿಗಳಲ್ಲಿ ಡಿಸೈನ್ ಡೈರೆಕ್ಟರ್ ಅಥವಾ ಹೆಡ್ ಡಿಸೈನರ್ ಅಂತ ಇರುತ್ತಾರಲ್ವಾ, ಅವರ ಕೆಲಸ ಏನು? ನನ್ನ ಗೆಳೆಯನ ಪ್ರಕಾರ ಅವರು ಕೂತು ಕಾರ್ಡ್ ಯೋಚಿಸುತ್ತಾರೆ, ಉಳಿದವರು ಅದನ್ನು ತಿದ್ದುತ್ತಾರೆ. ನನಗೆ ಯಾಕೋ ನಂಬಿಕೆ ಬರುತ್ತಿಲ್ಲ. ಮ್ಯಾಜಿಕ್: ದಿ ಗ್ಯಾದರಿಂಗ್ ಆಟದಲ್ಲಿ ಒಂದು ದೊಡ್ಡ ಸೆಟ್ (ಒಟ್ಟಿಗೆ ಬಿಡುಗಡೆ ಆಗುವ ಕಾರ್ಡ್‌ಗಳ ಗುಂಪು) ಅಂದರೆ ಇನ್ನೂರೈವತ್ತರ ಆಸುಪಾಸು ಕಾರ್ಡ್. ವರ್ಷಕ್ಕೆ ಹಲವು ಸೆಟ್. ಒಂದೇ ತಲೆಯಿಂದ ಅಷ್ಟೆಲ್ಲ ಬರುತ್ತಾ?

ಕೇಳೋದಕ್ಕೆ ಇನ್ನೊಂದು ಕಾರಣವೂ ಇದೆ. ನಾನೂ ಸುಮ್ನೆ ಒಂದು ಸಣ್ಣ ಆಟ ಕಟ್ಟುತ್ತಿದ್ದೇನೆ. ಬೆಂಕಿ, ನೀರು, ಕಾಡು, ನೆರಳು, ಬೆಳಕು ಅಂತ ಐದು ಬಣ. ಕಾರ್ಡ್‌ಗಳು ಬೇಕಾದಷ್ಟು ಹೊಳೆಯುತ್ತಿವೆ. ಆದರೆ ಎಲ್ಲ ಸೇರಿಸಿ ಆಡಲು ಕೂತರೆ ಆಟ ಅನ್ನಿಸುವುದೇ ಇಲ್ಲ.

ಫೈಲ್_ಕಾವಲು
ಕಾರ್ಡ್ ಹೊಳೆಯೋದು ಈ ಕೆಲಸದ ಸುಲಭದ ಭಾಗ. ಒಂದು ಮಧ್ಯಾಹ್ನ ನಾಲ್ಕು ಜನ ಕೂತರೆ ನೂರು ಕಾರ್ಡ್ ಬರೆಯಬಹುದು. ಡೈರೆಕ್ಟರ್ ಬೇಕಾಗೋದು ಅದರಲ್ಲಿ ತೊಂಬತ್ತನ್ನು ಬೇಡ ಅನ್ನೋದಕ್ಕೆ. ಯಾಕೆ ಬೇಡ ಅಂತ ಬರೆದವರಿಗೆ ಬೇಜಾರಾಗದ ಹಾಗೆ ಹೇಳೋದಕ್ಕೆ.

ಮ್ಯಾಜಿಕ್ ಉದಾಹರಣೆ ತೆಗೆದುಕೊಳ್ಳೋಣ, ಯಾಕಂದರೆ ಅವರಷ್ಟು ಬಿಚ್ಚಿ ಬರೆದವರು ಬೇರೆ ಇಲ್ಲ. ಮಾರ್ಕ್ ರೋಸ್‌ವಾಟರ್ 1995ರಲ್ಲಿ ಮ್ಯಾಜಿಕ್ ಮಾಡುವ ಕಂಪನಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಸೇರಿದರು. 2003ರ ಕೊನೆಯಿಂದ ಹೆಡ್ ಡಿಸೈನರ್. 2002ರಿಂದ ಅಂಕಣ ಬರೆಯುತ್ತಿದ್ದಾರೆ. ವರ್ಷಕ್ಕೊಮ್ಮೆ ಹಿಂದಿನ ವರ್ಷದ ಡಿಸೈನ್‌ನಲ್ಲಿ ಏನು ಕೆಟ್ಟಿತು ಅಂತ ಅವರೇ ಪಟ್ಟಿ ಮಾಡುತ್ತಾರೆ.

ಅವರಲ್ಲಿ ಈಗ ಕೆಲಸ ಮೂರು ಕೈ ದಾಟುತ್ತದೆ. ಮೊದಲು ವಿಷನ್ ಡಿಸೈನ್: ಸೆಟ್ ಯಾವುದರ ಬಗ್ಗೆ, ಆಡುವವರಿಗೆ ಏನು ಅನ್ನಿಸಬೇಕು, ಹೊಸ ಮೆಕ್ಯಾನಿಕ್ (ಹಲವು ಕಾರ್ಡ್‌ಗಳಲ್ಲಿ ಬರುವ ಆಟದ ವರಸೆ) ಯಾವುದು. ಇದಕ್ಕೆ ಸಿಗೋದು ಸುಮಾರು ನಾಲ್ಕು ತಿಂಗಳು. ಆಮೇಲೆ ಸೆಟ್ ಡಿಸೈನ್: ನಿಜವಾದ ಕಾರ್ಡ್‌ಗಳು ಬಹುಪಾಲು ಇಲ್ಲೇ ಹುಟ್ಟುತ್ತವೆ, ಸಾಯುತ್ತವೆ. ಕೊನೆಗೆ ಪ್ಲೇ ಡಿಸೈನ್: ಟೂರ್ನಮೆಂಟ್‌ನಲ್ಲಿ ಆಡಿ ಪಳಗಿದವರು ಅಂಕಿಗಳನ್ನು ಹಿಡಿದು ಜಗ್ಗುತ್ತಾರೆ. 2017ಕ್ಕೆ ಮುಂಚೆ ಡಿಸೈನ್, ಡೆವಲಪ್‌ಮೆಂಟ್ ಅಂತ ಎರಡೇ ಹಂತ ಇದ್ದವು.

ಈ ಎಲ್ಲ ನಡೆಯೋದು ಸೆಟ್ ಅಂಗಡಿಗೆ ಬರುವ ಎರಡು ವರ್ಷಕ್ಕೂ ಮೊದಲು ಶುರುವಾಗಿ. ಅಂದರೆ ಡೈರೆಕ್ಟರ್ ಮುಂದೆ ಒಂದೇ ದಿನ ಹಲವು ಸೆಟ್ ಇರುತ್ತವೆ. ಬೆಳಗ್ಗೆ ಬರೀ ಐಡಿಯಾ ಆಗಿರೋ ಸೆಟ್‌ನ ಮೀಟಿಂಗ್, ಮಧ್ಯಾಹ್ನ ಅರ್ಧ ಬೆಂದ ಸೆಟ್ ಆಡಿ ನೋಡುವ ಪ್ಲೇಟೆಸ್ಟ್, ಸಂಜೆ ಪ್ರಿಂಟ್‌ಗೆ ಹೋಗುತ್ತಿರುವ ಫೈಲ್‌ನಲ್ಲಿ ಒಂದು ಪದದ ಜಗಳ.

ಶಫಲ್_ರಾಣಿ
ಪ್ಲೇಟೆಸ್ಟ್ ಅಂದಾಕ್ಷಣ ಚಂದದ ಕಾರ್ಡ್‌ಗಳು ಅಂದುಕೊಳ್ಳಬೇಡಿ. ಹಳೇ ಕಾರ್ಡ್ ಮೇಲೆ ಸ್ಟಿಕ್ಕರ್ ಅಂಟಿಸಿ ಆಡುತ್ತಾರೆ. ಚಿತ್ರ ಇಲ್ಲ, ಹೆಸರು ತಮಾಷೆಗೆ ಇಟ್ಟದ್ದು. ಎರಡು ವಾರ ಬಿಟ್ಟು ಅದೇ ಕಾರ್ಡ್ ಮೇಲೆ ಬೇರೆ ಸ್ಟಿಕ್ಕರ್. ಚಂದದ ಚಿತ್ರ ಇದ್ದರೆ ಕೆಟ್ಟ ಕಾರ್ಡೂ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಹಾಗಾಗಿ ಇದೇ ಒಳ್ಳೇದು ಅಂತ ನನ್ನ ಅಭಿಪ್ರಾಯ.

ಎಲೆಯಾಟ
ಬೇಡ ಅನ್ನೋದು ಅಂದರೆ ಹೇಗೆ? ಕಾರ್ಡ್ ಜಾಸ್ತಿ ಪವರ್‌ಫುಲ್ ಆಗಿದೆ ಅಂತಾನಾ?

ಫೈಲ್_ಕಾವಲು
ಪವರ್ ನೋಡೋದಕ್ಕೆ ಬೇರೆ ಜನ ಇದ್ದಾರೆ. ಡೈರೆಕ್ಟರ್‌ಗೆ ತಲೆನೋವು ತರೋದು ಪವರ್ ಇಲ್ಲದ ಕಾರ್ಡ್‌ಗಳು.

ನಿಮ್ಮ ಬಣಗಳ ಹಾಗೆ ಮ್ಯಾಜಿಕ್‌ನಲ್ಲಿ ಐದು ಬಣ್ಣ ಇವೆ. 2010ರ ಮ್ಯಾಜಿಕ್ 2011 ಸೆಟ್‌ನಲ್ಲಿ ಹಾರ್ನೆಟ್ ಸ್ಟಿಂಗ್ ಅಂತ ಒಂದು ಹಸಿರು ಕಾರ್ಡ್ ಇದೆ. ಬೆಲೆ ಒಂದು ಹಸಿರು ಮನಾ (ಕಾರ್ಡ್ ಆಡೋದಕ್ಕೆ ಖರ್ಚು ಮಾಡುವ ಶಕ್ತಿ), ಯಾರಿಗೆ ಬೇಕಾದರೂ 1 ಡ್ಯಾಮೇಜ್. ಅಷ್ಟೇ. ಅದನ್ನು ಯಾರೂ ದೊಡ್ಡದಾಗಿ ಆಡಲಿಲ್ಲ. ಆದರೂ ರೋಸ್‌ವಾಟರ್ ವರ್ಷಗಟ್ಟಲೆ ಅದನ್ನು ತಪ್ಪಿಗೆ ಉದಾಹರಣೆ ಅಂತ ಎತ್ತಿ ತೋರಿಸಿದ್ದಾರೆ. ಯಾಕೆ? ಹಸಿರಿನ ಬಲ ಅಂದರೆ ದೊಡ್ಡ ಜೀವಿಗಳು. ಹಸಿರಿನ ಕೊರತೆ ಅಂದರೆ ಎದುರಾಳಿಯ ಜೀವಿಯನ್ನು ತೆಗೆಯಬೇಕಾದರೆ ತನ್ನ ಜೀವಿಯನ್ನೇ ಬಳಸಬೇಕು. ನೇರ ಡ್ಯಾಮೇಜ್ ಕೆಂಪಿನ ಸೊತ್ತು. ಈ 1 ಡ್ಯಾಮೇಜ್ ಕಾರ್ಡ್ ಆ ಕೊರತೆಗೆ ಒಂದು ತೂತು ಕೊರೆಯಿತು. ತೂತು ಸಣ್ಣದು, ನಿಜ. ಆದರೆ ನಾಳೆ ಇನ್ನೊಬ್ಬ ಡಿಸೈನರ್ ಬಂದು ‘ಹಸಿರಲ್ಲಿ ಆಗಲೇ ಇದೆಯಲ್ಲ’ ಅಂತ 3 ಡ್ಯಾಮೇಜ್ ಬರೆಯುತ್ತಾನೆ.

ಇದಕ್ಕೇ ಅವರಲ್ಲಿ ಕೌನ್ಸಿಲ್ ಆಫ್ ಕಲರ್ಸ್ ಅಂತ ಒಂದು ಗುಂಪಿದೆ. ಪ್ರತಿ ಬಣ್ಣಕ್ಕೂ ಒಬ್ಬರು ಹೊಣೆ. ಪ್ರತಿ ಸೆಟ್‌ನ ಫೈಲ್ ಅವರ ಕಣ್ಣಿನಡಿ ಹೋಗಬೇಕು. ನಿಮ್ಮ ಐದು ಬಣಗಳ ಆಟ ‘ಆಟ ಅನ್ನಿಸುತ್ತಿಲ್ಲ’ ಅಂದಿರಲ್ಲ, ಬಹುಶಃ ಇದೇ ಸಮಸ್ಯೆ. ಪ್ರತಿ ಬಣ ಏನು ಮಾಡುತ್ತದೆ ಅಂತ ಬರೆದಿರುತ್ತೀರಿ. ಏನು ಮಾಡೋದಿಲ್ಲ ಅಂತ ಬರೆದಿದ್ದೀರಾ?

ಎಲೆಯಾಟ
ಇಲ್ಲ. ಮಾಡೋದನ್ನು ಮಾತ್ರ ಬರೆದಿದ್ದೇನೆ. ನೀರು ಕಾರ್ಡ್ ಎಳೆಯುತ್ತದೆ, ಕಾಡಿಗೆ ದೊಡ್ಡ ಜೀವಿ, ಹೀಗೆ.

ಮನಾ_ಸಾಲ
ಎಲ್ಲ ಕೇಳೋಕೆ ಚೆನ್ನಾಗಿದೆ. ಇಷ್ಟೊಂದು ಹಂತ, ಇಷ್ಟೊಂದು ಕೌನ್ಸಿಲ್ ಇದ್ದೂ ಓಕೋ ಅನ್ನೋ ಅತಿ ಪವರ್‌ಫುಲ್ ಕಾರ್ಡ್ ಹೇಗೆ ಬಂತು ಸ್ವಾಮಿ? ಅದಿದ್ದ ಥ್ರೋನ್ ಆಫ್ ಎಲ್ಡ್ರೇನ್ ಸೆಟ್ ಬಂದಿದ್ದು 2019ರ ಅಕ್ಟೋಬರ್. ನವೆಂಬರ್‌ನಲ್ಲೇ ಸ್ಟ್ಯಾಂಡರ್ಡ್‌ನಲ್ಲಿ (ಇತ್ತೀಚಿನ ಸೆಟ್‌ಗಳು ಮಾತ್ರ ನಡೆಯುವ ಪಂದ್ಯಗಳಲ್ಲಿ) ಬ್ಯಾನ್. ಪ್ಲೇ ಡಿಸೈನ್ ತಂಡ ಬಂದು ಎರಡು ವರ್ಷ ಆಗಿತ್ತು ಆಗ. ನಾವು ದುಡ್ಡು ಕೊಟ್ಟು ಕೊಂಡ ಕಾರ್ಡ್. ನಮ್ಮ ಡೆಕ್ ರಾತ್ರೋರಾತ್ರಿ ರದ್ದಿ.

ಫೈಲ್_ಕಾವಲು
ನ್ಯಾಯವಾದ ಸಿಟ್ಟು. ಬ್ಯಾನ್ ಆದ ಕಾರ್ಡ್‌ಗಳ ಕಥೆ ಒಂದೊಂದಾಗಿ ಓದಿದರೆ ಒಂದು ಚಾಳಿ ಕಾಣುತ್ತದೆ. ಎಲ್ಲವೂ ಹಾಗಲ್ಲ, ಆದರೆ ಸಾಕಷ್ಟು.

ಸ್ಕಲ್‌ಕ್ಲ್ಯಾಂಪ್ ನೋಡಿ. 2004ರ ಡಾರ್ಕ್‌ಸ್ಟೀಲ್ ಸೆಟ್. ಜೀವಿಗೆ ತೊಡಿಸುವ ಆಯುಧ. ಬಲ ಒಂದು ಜಾಸ್ತಿ, ತಾಳಿಕೆ (ಎಷ್ಟು ಡ್ಯಾಮೇಜ್‌ಗೆ ಸಾಯುತ್ತದೆ ಅನ್ನೋ ಅಂಕಿ) ಒಂದು ಕಡಿಮೆ, ಆ ಜೀವಿ ಸತ್ತರೆ ಎರಡು ಕಾರ್ಡ್ ಎಳೆಯಬಹುದು. ಆ ‘ತಾಳಿಕೆ ಒಂದು ಕಡಿಮೆ’ ಅನ್ನೋದು ಕೊನೆಗಾಲದಲ್ಲಿ ಸೇರಿದ್ದು. ನೋಡೋಕೆ ದಂಡ ಹಾಕಿದ ಹಾಗೆ ಕಾಣುತ್ತದೆ ಅಲ್ವಾ? ಆದರೆ 1 ತಾಳಿಕೆಯ ಪುಟ್ಟ ಜೀವಿಗೆ ತೊಡಿಸಿದರೆ ಅದು ಅಲ್ಲೇ ಸಾಯುತ್ತದೆ, ಒಂದು ಮನಾಗೆ ಎರಡು ಕಾರ್ಡ್ ಕೈಗೆ. ದಂಡವೇ ಬಹುಮಾನ ಆಗಿಹೋಯಿತು. ಆ ರೂಪದಲ್ಲಿ ಯಾರೂ ಸರಿಯಾಗಿ ಆಡಿ ನೋಡಿರಲಿಲ್ಲ. ಜೂನ್‌ಗೆ ಬ್ಯಾನ್.

ಇಪ್ಪತ್ತು ವರ್ಷ ಆದಮೇಲೆ ಅದೇ ಕಥೆ. 2024ರ ಜೂನ್‌ನಲ್ಲಿ ಮಾಡರ್ನ್ ಹೊರೈಜನ್ಸ್ 3, ಅದರಲ್ಲಿ ನಾಡು ಅನ್ನೋ ಹಕ್ಕಿ, ನಿಮ್ಮ ಜೀವಿ ಗುರಿಯಾದಾಗ ಲಾಭ ಕೊಡುವಂಥದ್ದು. ಆಗಸ್ಟ್‌ನಲ್ಲಿ ಮಾಡರ್ನ್‌ನಿಂದ (ಹಳೇ ಸೆಟ್‌ಗಳೂ ನಡೆಯುವ ಪಂದ್ಯಗಳಿಂದ) ಬ್ಯಾನ್. ಸೆಟ್‌ನ ಡಿಸೈನರ್ ಆಮೇಲೆ ಬರೆದುಕೊಂಡಿದ್ದು ಇದು: ಕೊನೆಗೆ ಕಮಾಂಡರ್ ಅನ್ನೋ ಇನ್ನೊಂದು ಬಗೆಯ ಮ್ಯಾಜಿಕ್ ಆಡುವವರ ಬಗ್ಗೆ ಒಂದು ಆತಂಕ ಬಂತು, ಕಾರ್ಡ್‌ನ ಬರಹ ಬದಲಾಯಿಸಿದೆವು, ಬದಲಾದ ರೂಪವನ್ನು ಆಡಿ ನೋಡಲಿಲ್ಲ. ಖರ್ಚೇ ಇಲ್ಲದೆ ಜೀವಿಯನ್ನು ಗುರಿ ಮಾಡುವ ಹಳೇ ಕಾರ್ಡ್‌ಗಳು ಇವೆ ಅನ್ನೋದು ಕಣ್ಣಿಗೆ ಬೀಳಲಿಲ್ಲ.

ಎರಡರಲ್ಲೂ ಬದಲಾವಣೆ ಮಾಡಿದ್ದು ಒಳ್ಳೇ ಉದ್ದೇಶದಿಂದಲೇ. ತಾರಸಿ ಹಾಕಿದ ಮೇಲೆ ಪಾಯ ಸರಿಮಾಡಲು ಹೋದ ಹಾಗೆ. ನನ್ನ ಲೆಕ್ಕದಲ್ಲಿ ಡೈರೆಕ್ಟರ್ ಕೆಲಸದ ತಿರುಳು ಇಲ್ಲಿದೆ. ಫೈಲ್ ಮುಚ್ಚುವ ದಿನ ಬಂದಾಗ ಯಾರೋ ಬಂದು ‘ಇದೊಂದು ಸಣ್ಣ ತಿದ್ದುಪಡಿ’ ಅನ್ನುತ್ತಾರೆ. ಆಗ ಮೂರು ದಾರಿ ಇವೆ. ಕಾರ್ಡನ್ನು ಹಾಗೇ ಬಿಡೋದು. ಬೇಸರ ಬರುವಷ್ಟು ಸಪ್ಪೆ ಮಾಡೋದು. ಅಥವಾ ಹೊಸ ಬರಹ ಹಾಕೋದು. ಮೂರನೆಯದು ಯಾವಾಗಲೂ ಆಸೆ ಹುಟ್ಟಿಸುತ್ತದೆ. ಅಲ್ಲಿ ‘ಆಡಿ ನೋಡೋದಕ್ಕೆ ಸಮಯ ಇಲ್ಲ, ಸಪ್ಪೆಯೇ ಇರಲಿ’ ಅಂತ ಹೇಳೋ ಧೈರ್ಯ ಇರಬೇಕು. ಸಪ್ಪೆ ಕಾರ್ಡಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಮನಾ_ಸಾಲ
ಫೆಲಿಡಾರ್ ಗಾರ್ಡಿಯನ್ ಬಗ್ಗೆ ಏನಂತೀರಿ? ಅದು ಕೊನೆಗಳಿಗೆಯ ತಿದ್ದುಪಡಿ ಅಂತ ಎಲ್ಲೂ ಓದಿಲ್ಲ. ಹಿಂದಿನ ಸೆಟ್‌ನ ಸಹೀಲಿ ರೈ ಜೊತೆ ಇಟ್ಟರೆ ಮುಗಿಯದ ಸೈನ್ಯ. ಎರಡು ಕಾರ್ಡ್, ಪಕ್ಕಪಕ್ಕದ ಸೆಟ್. ಅದನ್ನೂ ನೋಡಲಿಲ್ಲ ಅಂದರೆ? 2017ರ ಏಪ್ರಿಲ್‌ನಲ್ಲಿ ಮೊದಲು ‘ಬ್ಯಾನ್ ಇಲ್ಲ’ ಅಂದರು, ಎರಡು ದಿನ ಬಿಟ್ಟು ಬ್ಯಾನ್ ಮಾಡಿದರು. ಆ ಎರಡು ದಿನದಲ್ಲಿ ಕಾರ್ಡ್ ಕೊಂಡವರ ಗತಿ?

ಫೈಲ್_ಕಾವಲು
ಅದಕ್ಕೆ ಸಮರ್ಥನೆ ಇಲ್ಲ. ತಪ್ಪಿಹೋಯಿತು ಅಂತ ಅವರೇ ಒಪ್ಪಿದ್ದಾರೆ.

ಡಿಜಿಟಲ್_ಡೆಕ್
ನಾನು ಫೋನ್‌ನಲ್ಲಿ ಆಡೋ ಕಾರ್ಡ್ ಆಟಗಳ ಕಡೆಯವನು. ನಮ್ಮಲ್ಲಿ ಈ ಗೋಳು ಅರ್ಧಕ್ಕರ್ಧ ಕಡಿಮೆ. ಹಾರ್ತ್‌ಸ್ಟೋನ್‌ನಲ್ಲಿ ಅಂಡರ್‌ಟೇಕರ್ ಕಾರ್ಡ್ 2014ರಲ್ಲಿ ಬಂದು ಎಲ್ಲರನ್ನೂ ಹಿಂಡಿ ಹಾಕಿತು. 2015ರ ಜನವರಿಯಲ್ಲಿ ಅದಕ್ಕೆ ಬೆಳೆಯುತ್ತಿದ್ದ ಆರೋಗ್ಯ ಕಿತ್ತುಕೊಂಡು ದಾಳಿ ಮಾತ್ರ ಬಿಟ್ಟರು. ಮುಗೀತು. ಕಾಗದದಲ್ಲಿ ಪ್ರಿಂಟ್ ಆದ ಕಾರ್ಡ್‌ಗೆ ಹೀಗೆ ಮಾಡೋಕೆ ಆಗುತ್ತಾ? ಇಟ್ಟುಕೊಳ್ಳಬೇಕು, ಇಲ್ಲಾ ಬ್ಯಾನ್.

ಆದರೆ ಇದರಿಂದ ಡೈರೆಕ್ಟರ್ ಕೆಲಸ ಹಗುರ ಆಯಿತು ಅಂದುಕೊಳ್ಳಬೇಡಿ. ತಿದ್ದಬಹುದು ಅಂತ ಗೊತ್ತಾದರೆ ಜನ ದಿನಾ ತಿದ್ದು ಅಂತಾರೆ. ಯಾವುದನ್ನು ಮುಟ್ಟಬಾರದು, ಆಟಗಾರರೇ ಉತ್ತರ ಹುಡುಕಲಿ ಅಂತ ಎಷ್ಟು ವಾರ ಕಾಯಬೇಕು, ಅದೇ ದೊಡ್ಡ ತೀರ್ಮಾನ.

ಶಫಲ್_ರಾಣಿ
ಯು-ಗಿ-ಓ ಕಡೆ ನೋಡಿದರೆ ಇನ್ನೂ ಬೇರೆ ಲೋಕ. 1999ರಿಂದ ಇವತ್ತಿನವರೆಗೆ ಮುಖ್ಯ ಆಟದಲ್ಲಿ ರೊಟೇಷನ್, ಅಂದರೆ ಹಳೇ ಸೆಟ್‌ಗಳನ್ನು ಹೊರಗಿಡೋದು, ಇಲ್ಲ. ಹಳೇ ಕಾರ್ಡ್ ಎಲ್ಲ ಇವತ್ತೂ ಆಡಬಹುದು, ನಿಷೇಧದ ಪಟ್ಟಿಯಲ್ಲಿ ಇಲ್ಲದಿದ್ದರೆ. ಹೊಸ ಕಾರ್ಡ್ ಬರೆಯುವವರು ಅಷ್ಟೂ ವರ್ಷದ ಕಾರ್ಡ್ ಜೊತೆ ಅದು ಏನು ಮಾಡುತ್ತೆ ಅಂತ ಯೋಚಿಸಬೇಕು. ಪೋಕೆಮಾನ್‌ನಲ್ಲಿ ಕಾರ್ಡ್‌ನ ಅಡಿಯಲ್ಲಿ ಒಂದು ಅಕ್ಷರ ಇರುತ್ತದೆ. ಹಳೇ ಅಕ್ಷರದವು ಸ್ಟ್ಯಾಂಡರ್ಡ್‌ನಿಂದ ಹೊರಗೆ. ಚಿಕ್ಕ ಮಕ್ಕಳೂ ಅಕ್ಷರ ನೋಡಿ ಹೇಳಿಬಿಡುತ್ತಾರೆ. ಇಂಥದ್ದನ್ನೂ ಡಿಸೈನ್ ಅಂತಲೇ ನಾನು ಎಣಿಸುತ್ತೇನೆ.

ಎಲೆಯಾಟ
ಇನ್ನೊಂದು ಪ್ರಶ್ನೆ. ಸೆಟ್‌ಗೆ ಎಷ್ಟು ಕಾರ್ಡ್ ಅಂತ ಡೈರೆಕ್ಟರ್ ತೀರ್ಮಾನ ಮಾಡುತ್ತಾರಾ? ನನ್ನ ಆಟದಲ್ಲಿ 173 ಆಗಿದೆ, ಹೇಗೋ ಬಂದು ನಿಂತ ಸಂಖ್ಯೆ.

ಫೈಲ್_ಕಾವಲು
ಪ್ರಿಂಟಿಂಗ್ ಹಾಳೆ ತೀರ್ಮಾನ ಮಾಡುತ್ತದೆ! ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಮ್ಯಾಜಿಕ್ ಕಾರ್ಡ್‌ಗಳ ಹಾಳೆಯಲ್ಲಿ ಅಡ್ಡ 11, ಉದ್ದ 11. ಒಟ್ಟು 121. ಕಾರ್ಡ್‌ಗಳಿಗೆ ಎಷ್ಟು ಅಪರೂಪ ಅನ್ನೋದರ ಮೇಲೆ ಕಾಮನ್, ಅನ್‌ಕಾಮನ್, ರೇರ್ ಅಂತ ದರ್ಜೆ. 2008ರಲ್ಲಿ ಶಾರ್ಡ್ಸ್ ಆಫ್ ಅಲಾರಾ ಸೆಟ್ ಜೊತೆ ಎಲ್ಲಕ್ಕಿಂತ ಅಪರೂಪದ ಮಿಥಿಕ್ ರೇರ್ ಬಂತು. ಆ ಸೆಟ್‌ನಲ್ಲಿ 53 ರೇರ್, 15 ಮಿಥಿಕ್. ಪ್ರತಿ ರೇರ್ ಎರಡು ಸಲ ಹಾಕಿ, 106 ಆಯಿತು. ಪ್ರತಿ ಮಿಥಿಕ್ ಒಂದು ಸಲ, 15. ಕೂಡಿಸಿ, 121. ಒಂದು ಜಾಗವೂ ಖಾಲಿ ಇಲ್ಲ. 121ರಲ್ಲಿ 15 ಅಂದರೆ ಸುಮಾರು ಎಂಟಕ್ಕೆ ಒಂದು. ಎಂಟು ಪ್ಯಾಕ್ ಒಡೆದರೆ ಒಂದು ಮಿಥಿಕ್ ಸಿಗುತ್ತದೆ ಅನ್ನೋ ಮಾತು ಬಂದಿದ್ದು ಅಲ್ಲಿಂದ. 60 ಅನ್‌ಕಾಮನ್, ಎರಡೆರಡು ಹಾಕಿದರೆ 120. ಅದೂ ಹಾಳೆಗೆ ಹೊಂದುತ್ತದೆ. ಕಾಮನ್ 101. ಈ ಅಂಕಿಗಳು ವರ್ಷಗಟ್ಟಲೆ ದೊಡ್ಡ ಸೆಟ್‌ಗಳಿಗೆ ಅಚ್ಚಾಗಿ ಉಳಿದವು.

ಹಾಗಾಗಿ ಕಾರ್ಡ್ ಬರೆಯುವ ಮೊದಲೇ ಅಸ್ಥಿಪಂಜರ ಬರೆಯುತ್ತಾರೆ. ಸ್ಪ್ರೆಡ್‌ಶೀಟ್‌ನಲ್ಲಿ ಸಾಲು ಸಾಲು ಖಾಲಿ ಜಾಗ. ಪ್ರತಿ ಜಾಗಕ್ಕೂ ಒಂದು ಕೋಡ್. ಸಿಡಬ್ಲ್ಯೂ01 ಅಂದರೆ ಕಾಮನ್, ಬಿಳಿ, ಮೊದಲನೆಯದು. ಅದರ ಮುಂದೆ ‘ಒಂದು ಮನಾದ ಪುಟ್ಟ ಜೀವಿ’ ಅಂತ ಮಾತ್ರ ಇರುತ್ತದೆ. ಇದನ್ನು ತುಂಬಿಸುತ್ತಾ ಹೋದರೆ ಎಲ್ಲಿ ಹಳ್ಳ, ಎಲ್ಲಿ ದಿಬ್ಬ ಅಂತ ಕಣ್ಣಿಗೆ ಕಾಣುತ್ತದೆ. ನಾಲ್ಕು ಮನಾಗೆ ಒಂಬತ್ತು ಜೀವಿ, ಎರಡು ಮನಾಗೆ ಒಂದೂ ಇಲ್ಲ, ಈ ಥರ. ನಿಮ್ಮ 173ನ್ನು ಇವತ್ತೇ ಇಂಥ ಹಾಳೆಗೆ ಹಾಕಿ ನೋಡಿ.

ಕಾಮನ್‌ಗಳ ಮೇಲೆ ಡೈರೆಕ್ಟರ್‌ಗೆ ಹೆಚ್ಚು ಕಣ್ಣಿರಬೇಕು. ಆಗಿನ 15 ಕಾರ್ಡಿನ ಪ್ಯಾಕ್‌ನಲ್ಲಿ 10 ಕಾಮನ್. ಹೊಸಬರು ನೋಡೋದು ಅದನ್ನೇ. 2006, 2007ರ ಟೈಮ್ ಸ್ಪೈರಲ್ ಹೊತ್ತಿಗೆ ಕಾಮನ್‌ಗಳೂ ಗೋಜಲಾಗಿದ್ದವು. ಪಳಗಿದವರಿಗೆ ಹಬ್ಬ, ಹೊಸದಾಗಿ ಬಂದವರಿಗೆ ಗೋಡೆ. ಆಮೇಲೆ ನ್ಯೂ ವರ್ಲ್ಡ್ ಆರ್ಡರ್ ಅಂತ ಒಂದು ಕಟ್ಟುಪಾಡು ತಂದರು: ಗೋಜಲು ಬೇಕಾದರೆ ಮೇಲಿನ ದರ್ಜೆಗೆ ಹೋಗಲಿ, ಕಾಮನ್ ಸರಳವಾಗಿರಲಿ.

ಮನಾ_ಸಾಲ
ಮಿಥಿಕ್ ಬಗ್ಗೆ ಎಷ್ಟು ಮುದ್ದಾಗಿ ಲೆಕ್ಕ ಹೇಳಿದಿರಿ! ಹಾಳೆಗೆ ಹೊಂದುತ್ತೆ ಅಂತ ಮಿಥಿಕ್ ತರಲಿಲ್ಲ ಸರ್. ಪ್ಯಾಕ್ ಮಾರಾಟ ಆಗಲಿ ಅಂತ ತಂದಿದ್ದು. ಡೈರೆಕ್ಟರ್ ಬೇಡ ಅನ್ನುತ್ತಾರೆ ಅಂತೀರಲ್ಲ, ಮೇಲಿನವರಿಗೆ ಬೇಡ ಅನ್ನೋಕೆ ಆಗುತ್ತಾ? 2025ರಲ್ಲಿ ಸ್ಟ್ಯಾಂಡರ್ಡ್‌ಗೆ ಬಂದ ಆರು ಸೆಟ್‌ನಲ್ಲಿ ಮೂರು ಬೇರೆಯವರ ಕಥೆ: ಫೈನಲ್ ಫ್ಯಾಂಟಸಿ, ಸ್ಪೈಡರ್‌ಮ್ಯಾನ್, ಅವತಾರ್. ಇದನ್ನು ಡಿಸೈನ್ ವಿಭಾಗದವರು ಕೇಳಿದ್ದರಾ?

ಶಫಲ್_ರಾಣಿ
ನನಗೆ ಫೈನಲ್ ಫ್ಯಾಂಟಸಿ ಸೆಟ್ ಇಷ್ಟ ಆಯ್ತು ಕಣ್ರೀ. ಬೈಬೇಡಿ.

ಫೈಲ್_ಕಾವಲು
ಮನಾ_ಸಾಲ ಅವರೇ, ನೀವು ಹೇಳೋದು ಸರಿ. ಕೆಲವು ಬಾಗಿಲು ಡೈರೆಕ್ಟರ್ ಕೈಯಲ್ಲಿ ಇಲ್ಲ. 1995ರಲ್ಲಿ ಕ್ರಾನಿಕಲ್ಸ್ ಸೆಟ್‌ನಲ್ಲಿ ಹಳೇ ಕಾರ್ಡ್‌ಗಳನ್ನು ಮತ್ತೆ ಪ್ರಿಂಟ್ ಮಾಡಿ, ಸಂಗ್ರಹಕಾರರು ಗಲಾಟೆ ಮಾಡಿ, 1996ರಲ್ಲಿ ರಿಸರ್ವ್ಡ್ ಲಿಸ್ಟ್ ಅಂತ ಮಾತು ಕೊಟ್ಟರು. ಆ ಪಟ್ಟಿಯ ಕಾರ್ಡ್‌ಗಳು ಮತ್ತೆ ಬರೋದಿಲ್ಲ. ಆಗ ಕೊಟ್ಟ ಮಾತಿಗೆ ಇವತ್ತಿನ ಡಿಸೈನರ್‌ಗಳೂ ಬದ್ಧರು. ಇಷ್ಟ ಇರಲಿ, ಇಲ್ಲದಿರಲಿ.

ಬೇರೆಯವರ ಕಥೆಯ ಸೆಟ್ ಮಾಡಬೇಕೋ ಬೇಡವೋ ಅನ್ನೋದು ವ್ಯಾಪಾರದ ತೀರ್ಮಾನ. ಮಾಡಿ ಅಂದ ಮೇಲೆ ಆ ಪಾತ್ರ ಯಾವ ಬಣ್ಣ, ಯಾವ ಮೆಕ್ಯಾನಿಕ್‌ನಿಂದ ಅದು ಆ ಪಾತ್ರವೇ ಅನ್ನಿಸುತ್ತದೆ, ಅದರಿಂದ ಆಟದ ಕಟ್ಟು ಮುರಿಯುತ್ತಾ ಅನ್ನೋದು ಡಿಸೈನ್‌ನವರ ತೀರ್ಮಾನ. ನನ್ನ ದೂರು ಬೇರೆ. ವರ್ಷಕ್ಕೆ ಇಷ್ಟು ಸೆಟ್ ಅಂದರೆ ಪ್ಲೇಟೆಸ್ಟ್‌ಗೆ ಸಿಗುವ ಗಂಟೆಗಳು ಹರಿದು ಹಂಚಿಹೋಗುತ್ತವೆ. ಕೊನೆಯ ತಿದ್ದುಪಡಿಯನ್ನು ಆಡಿ ನೋಡೋದಕ್ಕೆ ಜನ ಎಲ್ಲಿಂದ ತರೋದು?

ಡಿಜಿಟಲ್_ಡೆಕ್
ಈ ಕೆಲಸ ಸಿಗೋದು ಹೇಗೆ ಅಂತ ಯಾರೂ ಹೇಳಲಿಲ್ಲ. ವಿಜರ್ಡ್ಸ್‌ನವರು ಗ್ರೇಟ್ ಡಿಸೈನರ್ ಸರ್ಚ್ ಅಂತ ಸ್ಪರ್ಧೆ ನಡೆಸಿದರು, ಮೊದಲನೆಯದು 2006ರಲ್ಲಿ. ಪ್ರಬಂಧ, ಪರೀಕ್ಷೆ, ಆಮೇಲೆ ವಾರವಾರ ಕಾರ್ಡ್ ಬರೆಯೋದು. ಗೆದ್ದವರಷ್ಟೇ ಅಲ್ಲ, ಸೋತ ಕೆಲವರಿಗೂ ಕೆಲಸ ಸಿಕ್ಕಿತು. ನೀವು ಬರೆದ ಕಾರ್ಡ್ ನೇರ ಅವರಿಗೆ ಕಳಿಸಿದರೆ ಮಾತ್ರ ತೆರೆದೂ ನೋಡೋದಿಲ್ಲ. ಕಾನೂನಿನ ತೊಡಕು.

ಎಲೆಯಾಟ
ನಾನು ಇಲ್ಲೇ ಹಾಕುತ್ತೇನೆ, ಇಲ್ಲಿ ಕಾನೂನಿನ ತೊಡಕಿಲ್ಲ ತಾನೇ? ನನ್ನ ಆಟದಲ್ಲಿ ನನಗೆ ತುಂಬಾ ಇಷ್ಟವಾದ ಕಾರ್ಡ್ ಇದು. ಬೈದರೂ ಪರವಾಗಿಲ್ಲ.

ಕಾಡಿನ ಬೇಹುಗಾರ. ಕಾಡು ಬಣ, ಕಾಮನ್. ಬೆಲೆ 2, ಬಲ 2, ತಾಳಿಕೆ 2. ‘ಇದು ಆಟಕ್ಕೆ ಇಳಿದಾಗ ಒಂದು ಕಾರ್ಡ್ ಎಳೆಯಿರಿ. ಎದುರಾಳಿಯ ಕೈಯಲ್ಲಿ ನಿಮಗಿಂತ ಜಾಸ್ತಿ ಕಾರ್ಡ್ ಇದ್ದರೆ ಇನ್ನೊಂದು ಎಳೆಯಿರಿ. ನಿಮ್ಮ ಬೇರೆ ಜೀವಿ ಸತ್ತಾಗ ಇದನ್ನು ಕೈಗೆ ವಾಪಸ್ ತೆಗೆದುಕೊಳ್ಳಬಹುದು.’

ಶಫಲ್_ರಾಣಿ
ಎದುರಾಳಿಯ ಕೈ ಎಣಿಸೋದು ಯಾವಾಗ? ಮೊದಲ ಕಾರ್ಡ್ ಎಳೆಯೋದಕ್ಕೆ ಮುಂಚೆಯೋ, ಎಳೆದ ಮೇಲೋ? ಬೇಹುಗಾರನನ್ನು ಆಡಿದ ಕೂಡಲೇ ನನ್ನ ಕೈಯಲ್ಲಿ ಒಂದು ಕಡಿಮೆ ಆಗಿರುತ್ತದೆ. ಎಳೆದ ಮೇಲೆ ಮತ್ತೆ ಸರಿಹೋಗುತ್ತದೆ. ಎರಡಕ್ಕೂ ಉತ್ತರ ಬೇರೆ ಬರುತ್ತದೆ. ಇದರ ಮೇಲೆ ಖಂಡಿತ ಜಗಳ ಆಗುತ್ತದೆ.

ಫೈಲ್_ಕಾವಲು
ಮೇಡಂ ಹೇಳಿದ್ದು ಮೊದಲ ತೊಡಕು. ನನ್ನವೂ ಕೆಲವು ಇವೆ. ನೀರು ಬಣ ಕಾರ್ಡ್ ಎಳೆಯುತ್ತದೆ ಅಂದಿರಿ. ಕಾಡಿನ ಕಾಮನ್ ಎರಡು ಬೆಲೆಗೆ ಎರಡು ಕಾರ್ಡ್ ಎಳೆದರೆ ನೀರಿಗೆ ಏನು ಉಳಿಯಿತು? ಹಾರ್ನೆಟ್ ಸ್ಟಿಂಗ್‌ಗಿಂತ ದೊಡ್ಡ ತೂತು ಇದು. ಮೂರನೇ ಸಾಲು ಬೇರೆಯದೇ ಕಾರ್ಡ್. ಯಾವ ಜೀವಿ ಸತ್ತರೂ ಬೇಹುಗಾರ ವಾಪಸ್, ಮತ್ತೆ ಎರಡು ಕೊಟ್ಟು ಇಳಿಸು, ಮತ್ತೆ ಎಳೆ. ನಿಮ್ಮ ನೆರಳು ಬಣದಲ್ಲಿ ತನ್ನದೇ ಜೀವಿಯನ್ನು ಬಲಿ ಕೊಡುವ ಕಾರ್ಡ್ ಇದೆಯಾ?

ಎಲೆಯಾಟ
ನಾಲ್ಕು ಇವೆ. ಒಂದಕ್ಕೆ ಖರ್ಚೇ ಇಲ್ಲ.

ಮನಾ_ಸಾಲ
ಅಯ್ಯೋ. ಆ ಡೆಕ್ ನಾನು ಈಗಲೇ ಕಟ್ಟುತ್ತೇನೆ.

ಫೈಲ್_ಕಾವಲು
ನೋಡಿ, ಬ್ಯಾನ್ ಮಾಡಿ ಅಂತ ಕೂಗೋರು ಮೊದಲು ಅದನ್ನೇ ಕಟ್ಟೋದು.

ಎಲೆಯಾಟ ಅವರೇ, ಮೂರರಲ್ಲಿ ಒಂದು ಯೋಚನೆ ಇಟ್ಟುಕೊಳ್ಳಿ. ಬೇಹುಗಾರ ಅಂದರೆ ಹುಡುಕುವವನು. ಕಾಡು ಹುಡುಕೋದು ಜೀವಿಗಳನ್ನು. ಹಾಗಾದರೆ: ಬೆಲೆ 3, ಬಲ 2, ತಾಳಿಕೆ 2. ‘ಇದು ಆಟಕ್ಕೆ ಇಳಿದಾಗ ನಿಮ್ಮ ಡೆಕ್‌ನ ಮೇಲಿನ ನಾಲ್ಕು ಕಾರ್ಡ್ ನೋಡಿ. ಅದರಲ್ಲಿ ಒಂದು ಜೀವಿಯನ್ನು ಎದುರಾಳಿಗೆ ತೋರಿಸಿ ಕೈಗೆ ತೆಗೆದುಕೊಳ್ಳಬಹುದು. ಉಳಿದವು ಡೆಕ್‌ನ ಅಡಿಗೆ.’ ಎಣಿಸೋದು ಇಲ್ಲ, ವಾಪಸ್ ಬರೋದು ಇಲ್ಲ. ಜೀವಿ ಜಾಸ್ತಿ ಇರೋ ಡೆಕ್‌ಗೆ ಲಾಭ, ಅದೇ ಕಾಡಿನ ಗುಣ. ಆದರೂ ಇದು ಅನ್‌ಕಾಮನ್‌ಗೆ ಹೋಗಲಿ, ಪ್ರತಿ ಸಲ ನಾಲ್ಕು ಕಾರ್ಡ್ ಓದೋದಕ್ಕೆ ಹೊತ್ತು ಹಿಡಿಯುತ್ತದೆ.

ಎಲೆಯಾಟ
ವಾಪಸ್ ಬರೋ ಸಾಲು ನನಗೆ ಬಹಳ ಇಷ್ಟ ಇತ್ತು. ಪೂರ್ತಿ ಬಿಡಬೇಕಾ?

ಡಿಜಿಟಲ್_ಡೆಕ್
ನೆರಳು ಬಣದ ರೇರ್ ಮಾಡಿ. ಖರ್ಚಿಲ್ಲದ ಬಲಿ ಕಾರ್ಡ್‌ಗೆ ಮೊದಲು ಒಂದು ಬೆಲೆ ಹಾಕಿ, ಆಮೇಲೆ.

ಎಲೆಯಾಟ
ಸರಿ, ಬರೆದುಕೊಂಡೆ. ಹಾಗಾದರೆ ಕಾಮನ್‌ನಲ್ಲಿ ಬೇಹುಗಾರನ ಜಾಗ ಖಾಲಿ ಆಯಿತು. ಅಸ್ಥಿಪಂಜರದ ಹಾಳೆ ಈಗಷ್ಟೇ ತುಂಬಿಸಿದೆ. ಕಾಡು ಬಣಕ್ಕೆ ಕಾಮನ್‌ನಲ್ಲಿ ಬರಹ ಇಲ್ಲದ ಜೀವಿ ಒಂದೂ ಇಲ್ಲ. ಎಲ್ಲಕ್ಕೂ ಮೂರು ಮೂರು ಸಾಲು.

ಫೈಲ್_ಕಾವಲು
ಬೆಲೆ 2, ಬಲ 3, ತಾಳಿಕೆ 2, ಬರಹ ಇಲ್ಲ. ಹಾಕಿ ಆಡಿ ನೋಡಿ. ಹೆಸರು ಆಮೇಲೆ ಇಡೋಣ.